ಡೇಟಾ ಸ್ಟೀವರ್ಡ್ ಆಗಲು ಯಾವ ದಾರಿ? ತರಬೇತಿ, ಹುದ್ದೆ, ಬಡ್ತಿಗಳ ಹೋಲಿಕೆ

ಸಂಶೋಧಕರ ಡೇಟಾವನ್ನು ಬೇರೆಯವರೂ ಮುಂದೆ ಬಳಸುವ ಹಾಗೆ ಅಚ್ಚುಕಟ್ಟಾಗಿಡಲು ನೆರವಾಗುವವರು ಸಂಶೋಧನಾ ಡೇಟಾ ಸ್ಟೀವರ್ಡ್. ಈ ಸ್ಟೀವರ್ಡ್ ಆಗಲು ಯಾವ ಕೋರ್ಸ್ ಮಾಡಬೇಕು ಎಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಕೋರ್ಸ್‌ಗಳ ಪಟ್ಟಿಯನ್ನೇ ಹಿಡಿದುಕೊಂಡು ಬರುತ್ತಾರೆ. ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ನಾನು ಬೇರೆಯದನ್ನೇ ಕೇಳುತ್ತೇನೆ: ನೀವು ಕೂರುವ ಜಾಗ ಎಲ್ಲಿ? ಲೈಬ್ರರಿಯಲ್ಲೋ, ಒಂದು ವಿಭಾಗದ ಒಳಗೋ, ಗ್ರ್ಯಾಂಟ್ ಮೇಲೆ ನಡೆಯುವ ಪ್ರಾಜೆಕ್ಟ್‌ನಲ್ಲೋ, ಕಂಪ್ಯೂಟರ್ ಸೆಂಟರ್‌ನಲ್ಲೋ? ಇದು ಗೊತ್ತಾದರೆ ಕೋರ್ಸ್ ಆರಿಸುವ ಕೆಲಸ ಅರ್ಧ ಮುಗಿದ ಹಾಗೆ. ಗೊತ್ತಿಲ್ಲದೆ ಆರಿಸಿದರೆ ಸರ್ಟಿಫಿಕೇಟ್ ಒಂದು ಕಡೆ, ಕೆಲಸ ಇನ್ನೊಂದು ಕಡೆ ಆಗುತ್ತದೆ.

ಈ ಕೆಲಸಕ್ಕೆ ಬರಲು ಹೊರಟವರಿಗೂ, ತಮ್ಮ ಸಂಸ್ಥೆಯಲ್ಲಿ ಇಂಥ ಹುದ್ದೆ ಮಾಡಲು ಹೊರಟವರಿಗೂ ಸೇರಿಸಿಯೇ ಇದನ್ನು ಬರೆದಿದ್ದೇನೆ. ಒಬ್ಬರ ಆಯ್ಕೆ ಇನ್ನೊಬ್ಬರ ಆಯ್ಕೆಗೆ ತಗುಲಿಕೊಂಡೇ ಇರುತ್ತದೆ.

ಒಂದು ಎಕ್ಸೆಲ್ ಶೀಟ್ ಮುಂದಿಟ್ಟುಕೊಂಡು

ಕೆಲಸ ಏನೆಂದು ಗೊತ್ತಿಲ್ಲದೆ ತರಬೇತಿಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಪಿಎಚ್‌ಡಿ ಮಾಡುತ್ತಿರುವ ಒಬ್ಬರು ಒಂದು ಎಕ್ಸೆಲ್ ಶೀಟ್ ತಂದಿದ್ದಾರೆ ಅಂದುಕೊಳ್ಳಿ. ಪೇಪರ್ ಒಪ್ಪಿಗೆಯಾಗಿದೆ, ಡೇಟಾವನ್ನು ರೆಪಾಸಿಟರಿಗೆ (ಡೇಟಾ ಇಡುವ ಆನ್‌ಲೈನ್ ಭಂಡಾರಕ್ಕೆ) ಹಾಕಿ ಎಂದು ಜರ್ನಲ್ ಹೇಳಿದೆ. ಶೀಟ್ ತೆರೆದರೆ ಒಂದು ಕಾಲಮ್‌ನಲ್ಲಿ 03/04/2021 ಎಂದಿದೆ. ಅದು ಏಪ್ರಿಲ್ 3 ಆಗಿರಬಹುದು, ಮಾರ್ಚ್ 4 ಕೂಡ ಆಗಿರಬಹುದು. ಇನ್ನೊಂದು ಕಾಲಮ್‌ನಲ್ಲಿ ಕೆಲವು ಸೆಲ್ ಖಾಲಿ ಇವೆ, ಕೆಲವದರಲ್ಲಿ ಸೊನ್ನೆ ಇದೆ, ಕೆಲವದರಲ್ಲಿ -99 ಇದೆ. ಖಾಲಿ ಎಂದರೆ ಅಳತೆ ತೆಗೆದಿಲ್ಲ ಎಂದೋ, ಉಪಕರಣ ಕೆಟ್ಟಿತ್ತು ಎಂದೋ? ಹನ್ನೆರಡು ಸಾಲುಗಳಿಗೆ ಹಳದಿ ಬಣ್ಣ ಬಳಿದಿದ್ದಾರೆ. ಏಕೆ ಎಂದು ಕೇಳಿದರೆ, "ಆ ದಿನ ಸೆನ್ಸರ್ ಮೇಲೆ ನನಗೆ ಅನುಮಾನ ಇತ್ತು" ಎನ್ನುತ್ತಾರೆ. ಈ ಫೈಲನ್ನು ಸಿಎಸ್‌ವಿ (ಬರೀ ಅಕ್ಷರ-ಅಂಕಿಗಳ ಫೈಲ್) ಮಾಡಿದ ಕ್ಷಣವೇ ಬಣ್ಣ ಹೋಗುತ್ತದೆ. ಬಣ್ಣದ ಜೊತೆ ಆ ಅನುಮಾನವೂ ಹೋಗುತ್ತದೆ.

ಸ್ಟೀವರ್ಡ್ ಇಲ್ಲಿ ಕೂತು ಒಂದೊಂದನ್ನೇ ಬಿಡಿಸುತ್ತಾರೆ. ದಿನಾಂಕಕ್ಕೆ 2021-04-03 ಎಂಬ ರೂಪ ಕೊಡಿಸುತ್ತಾರೆ. ಹಳದಿ ಬಣ್ಣದ ಬದಲು ಒಂದು ಹೊಸ ಕಾಲಮ್ ಹಾಕಿಸುತ್ತಾರೆ. -99 ಎಂದರೆ ಏನು, ಪ್ರತಿ ಕಾಲಮ್‌ನ ಅಳತೆಯ ಘಟಕ ಯಾವುದು ಎಂಬುದನ್ನೆಲ್ಲ ಒಂದು ರೀಡ್‌ಮಿ ಫೈಲ್‌ನಲ್ಲಿ ಬರೆಸುತ್ತಾರೆ. ಮೂಲ ಫೈಲನ್ನು ಯಾರೂ ಮುಟ್ಟದ ಹಾಗೆ ತೆಗೆದಿಡಿಸುತ್ತಾರೆ. ಆಮೇಲೆ ಲೈಸೆನ್ಸ್ ಯಾವುದು, ಡಿಒಐ (ಡೇಟಾಗೆ ಸಿಗುವ ಶಾಶ್ವತ ಆನ್‌ಲೈನ್ ಗುರುತು) ಯಾವಾಗ, ಜನರಿಂದ ಪಡೆದ ಮಾಹಿತಿ ಇದ್ದರೆ ಅವರ ಒಪ್ಪಿಗೆ ಪತ್ರದಲ್ಲಿ ಏನು ಬರೆದಿದೆ ಎಂಬ ಮಾತು ಬರುತ್ತದೆ.

ಇದೆಲ್ಲ ಸಣ್ಣ ವಿಷಯ ಅಲ್ವಾ ಅನ್ನಿಸಬಹುದು. ಜೀನ್ ಹೆಸರುಗಳ ಕಥೆ ಕೇಳಿ. ಎಕ್ಸೆಲ್ 'ಸೆಪ್ಟ್1', 'ಮಾರ್ಚ್1' ಎಂಬ ಜೀನ್ ಹೆಸರುಗಳನ್ನು ತಾನಾಗಿಯೇ ತಾರೀಕು ಮಾಡಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ ಪೇಪರ್‌ಗಳನ್ನು ಪರಿಶೀಲಿಸಿದ 2016ರ ಒಂದು ಅಧ್ಯಯನಕ್ಕೆ, ಸುಮಾರು ಐದರಲ್ಲಿ ಒಂದು ಪೇಪರ್‌ನಲ್ಲಿ ಈ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ, ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಹೆಸರುಗಳನ್ನು ಬದಲಾಯಿಸಿತು. ಮಾರ್ಚ್1 ಈಗ ಮಾರ್ಚ್‌ಎಫ್1. ಆಗ ಸಾಫ್ಟ್‌ವೇರ್ ಬಗ್ಗಲಿಲ್ಲ, ವಿಜ್ಞಾನ ಬಗ್ಗಿತು.

ಬೇಡಿಕೆ ಹುಟ್ಟಿದ್ದು ಹೀಗೆ. ಡೇಟಾ ಹುಡುಕಲು ಸಿಗಬೇಕು, ತೆರೆಯಲು ಬರಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮತ್ತೆ ಬಳಸಲು ಆಗಬೇಕು ಎನ್ನುವ ಫೇರ್ ತತ್ವಗಳು 2016ರಲ್ಲಿ ಪ್ರಕಟವಾದವು. ಅದೇ ವರ್ಷ ಯುರೋಪಿನ ಸಂಶೋಧನಾ ಡೇಟಾ ಹಂಚಿಕೊಳ್ಳುವ ಯೋಜನೆಯಾದ ಯುರೋಪಿಯನ್ ಓಪನ್ ಸೈನ್ಸ್ ಕ್ಲೌಡ್ ಬಗ್ಗೆ ವರದಿ ಕೊಟ್ಟ ತಜ್ಞರ ಗುಂಪು, ಹತ್ತು ವರ್ಷದೊಳಗೆ ಐದು ಲಕ್ಷಕ್ಕೂ ಮೀರಿ ಡೇಟಾ ತಜ್ಞರು ಬೇಕಾಗಬಹುದು ಎಂದು ಅಂದಾಜು ಮಾಡಿತು. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2023ರ ಜನವರಿ 25ರಿಂದ, ವೈಜ್ಞಾನಿಕ ಡೇಟಾ ಹುಟ್ಟಿಸುವ ಸಂಶೋಧನೆಯ ಅರ್ಜಿಯ ಜೊತೆ ಡೇಟಾ ನಿರ್ವಹಣೆ ಮತ್ತು ಹಂಚಿಕೆಯ ಯೋಜನೆ ಕಡ್ಡಾಯ ಮಾಡಿತು. ಆ ಕೆಲಸದ ಖರ್ಚನ್ನು ಬಜೆಟ್‌ನಲ್ಲಿ ತೋರಿಸಲೂ ಬಿಟ್ಟಿತು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಸಂಬಳದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕೂರುವ ಜಾಗ: ವಿಭಾಗವೋ, ಲೈಬ್ರರಿಯೋ, ಪ್ರಾಜೆಕ್ಟೋ

ಈ ಹುದ್ದೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶಗಳಲ್ಲಿ ನೆದರ್‌ಲೆಂಡ್ಸ್ ಮುಂದಿದೆ. ಅಲ್ಲಿನವರು ಕೆಲಸವನ್ನು ಮೂರು ಬಗೆ ಮಾಡಿಕೊಂಡಿದ್ದಾರೆ: ನೀತಿ ನೋಡಿಕೊಳ್ಳುವವರು, ಸಂಶೋಧಕರ ಜೊತೆ ಕೆಲಸ ಮಾಡುವವರು, ಸರ್ವರ್-ಸಾಫ್ಟ್‌ವೇರ್ ಕಡೆ ಇರುವವರು. ಈ ವಿಂಗಡಣೆ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಯಾಕೆಂದರೆ ಹುದ್ದೆಯ ಜಾಹೀರಾತುಗಳಲ್ಲಿ ಈ ಮೂರನ್ನೂ ಕಲಸಿ ಒಬ್ಬರ ತಲೆಗೆ ಕಟ್ಟುವುದು ಮಾಮೂಲು. ನೀತಿ ಬರೆಯಬೇಕು, ಪೈಥಾನ್ ಗೊತ್ತಿರಬೇಕು, ವರ್ಕ್‌ಶಾಪ್ ನಡೆಸಬೇಕು, ಕಾನೂನು ತಿಳಿದಿರಬೇಕು, ಸಂಬಳ ಮಾತ್ರ ಗುಮಾಸ್ತರದ್ದು. ಅಂಥ ಜಾಹೀರಾತು ಕಂಡರೆ, ತಮಗೆ ಏನು ಬೇಕೆಂದು ಆ ಸಂಸ್ಥೆ ಇನ್ನೂ ತೀರ್ಮಾನಿಸಿಲ್ಲ ಎಂದು ತಿಳಿಯಿರಿ.

ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ 2017ರಲ್ಲಿ ಸ್ಟೀವರ್ಡ್‌ಗಳನ್ನು ಫ್ಯಾಕಲ್ಟಿಗಳ ಒಳಗೇ ಕೂರಿಸಲು ಶುರು ಮಾಡಿತು. ಲೈಬ್ರರಿಯಲ್ಲಿ ಇರುವವರು ಎಲ್ಲರನ್ನೂ ಸೇರಿಸಿ ನಡೆಸುತ್ತಾರೆ. ಈ ಮಾದರಿಯ ಲಾಭ ಸರಳ. ಪಕ್ಕದ ಕೋಣೆಯಲ್ಲಿ ಇರುವವರನ್ನು ಜನ ಕೇಳುತ್ತಾರೆ. ಬೇರೆ ಕಟ್ಟಡದಲ್ಲಿ ಇರುವವರಿಗೆ ಇಮೇಲ್ ಕಳಿಸುವುದೂ ಗಡುವು ಮುಗಿಯುವ ಹಿಂದಿನ ರಾತ್ರಿ. ವಿಭಾಗದೊಳಗೆ ಕೂತವರಿಗೆ ಆ ವಿಷಯದ ಭಾಷೆ ಬರುತ್ತದೆ. ಯಾವ ಉಪಕರಣ ಯಾವ ಫಾರ್ಮ್ಯಾಟ್‌ನಲ್ಲಿ ಫೈಲ್ ಕಕ್ಕುತ್ತದೆ ಎಂದು ಗೊತ್ತಿರುತ್ತದೆ. ತೊಂದರೆಯೂ ಇದೆ. ಇಡೀ ವಿಭಾಗಕ್ಕೆ ಒಬ್ಬರೇ ಇದ್ದರೆ, ತಮ್ಮ ಕೆಲಸವನ್ನೇ ಮಾಡುವ ಇನ್ನೊಬ್ಬರು ಹತ್ತಿರದಲ್ಲಿ ಇರುವುದಿಲ್ಲ. ಅನುಮಾನ ಬಂದರೆ ಕೇಳಲು ಯಾರೂ ಇಲ್ಲ. ಸ್ವಲ್ಪ ದಿನದಲ್ಲೇ "ಕಂಪ್ಯೂಟರ್ ಗೊತ್ತಿರುವವರು" ಎಂಬ ಹೆಸರು ಬಂದು, ಪ್ರಿಂಟರ್ ಕೆಟ್ಟರೂ ಕರೆಯುತ್ತಾರೆ.

ಲೈಬ್ರರಿಯ ಕೇಂದ್ರ ತಂಡದಲ್ಲಿ ಇದಕ್ಕೆ ತದ್ವಿರುದ್ಧ. ಜೊತೆಗಾರರು ಇರುತ್ತಾರೆ, ಕೆಲಸ ಕಾಯಂ ಆಗುವ ಸಾಧ್ಯತೆ ಜಾಸ್ತಿ, ಮೆಟಾಡೇಟಾ (ಡೇಟಾದ ಬಗೆಗಿನ ವಿವರ) ಮತ್ತು ಹಕ್ಕುಗಳ ಬಗ್ಗೆ ಆಳವಾದ ಜ್ಞಾನ ಅಲ್ಲೇ ಇರುತ್ತದೆ. ಆದರೆ ಸಂಶೋಧನೆಯ ಶುರುವಿನಲ್ಲಿ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಎಲ್ಲ ಮುಗಿದ ಮೇಲೆ, ಡೇಟಾ ಹಾಕಬೇಕಾದಾಗ ಕರೆಯುತ್ತಾರೆ. ಅಷ್ಟರಲ್ಲಿ ಹಳದಿ ಬಣ್ಣದ ಅರ್ಥ ಬಳಿದವರಿಗೇ ಮರೆತಿರುತ್ತದೆ.

ಪ್ರಾಜೆಕ್ಟ್‌ನ ಕೆಲಸ ಕಲಿಯಲು ಎಲ್ಲಕ್ಕಿಂತ ಒಳ್ಳೆಯದು, ಬಾಳಲು ಎಲ್ಲಕ್ಕಿಂತ ಕಷ್ಟದ್ದು. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಡೇಟಾ ಜೊತೆ ಇರುತ್ತೀರಿ. ಗ್ರ್ಯಾಂಟ್ ಮುಗಿದ ತಿಂಗಳೇ ನಿಮ್ಮ ಸಂಬಳವೂ ಮುಗಿಯುತ್ತದೆ. ಆ ಡೇಟಾ ಬಗ್ಗೆ ಪ್ರಶ್ನೆ ಬರುವುದು ಮಾತ್ರ ಅದಾದ ಎರಡು ವರ್ಷದ ಮೇಲೆ.

ಕಂಪ್ಯೂಟರ್ ಸೆಂಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಸ್ಟೋರೇಜ್, ಬ್ಯಾಕಪ್, ಯಾರಿಗೆ ಯಾವ ಫೈಲ್ ಕಾಣಬೇಕು ಎಂಬುದು ಗಟ್ಟಿಯಾಗಿ ಕಲಿಯಲು ಸಿಗುತ್ತದೆ. ಸಂಶೋಧಕರ ಮುಖ ಕಾಣುವುದು ಕಡಿಮೆ.

ಈಗ ತರಬೇತಿಗೆ ಬರೋಣ

ಖರ್ಚಿಲ್ಲದೆ, ಮನೆಯಲ್ಲೇ ಕೂತು ಕಲಿಯುವುದರಿಂದ ಶುರು ಮಾಡಬಹುದು. ಎಡಿನ್‌ಬರ ವಿಶ್ವವಿದ್ಯಾಲಯದ 'ಮಂತ್ರ' ಉಚಿತ ಆನ್‌ಲೈನ್ ಕೋರ್ಸ್. ಅದೇ ವಿಶ್ವವಿದ್ಯಾಲಯ ಅಮೆರಿಕದ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಜೊತೆ ಸೇರಿ ಕೋರ್ಸೆರಾಕ್ಕೂ ಒಂದು ಕೋರ್ಸ್ ಮಾಡಿದೆ. ಜೀವವಿಜ್ಞಾನದವರಿಗೆ ಎಲಿಕ್ಸಿರ್ ಸಂಸ್ಥೆಯ 'ಆರ್‌ಡಿಎಂಕಿಟ್' ಇದೆ. ಅದನ್ನು ಕೋರ್ಸ್ ಅನ್ನುವುದಕ್ಕಿಂತ ಕೈಪಿಡಿ ಅನ್ನಬಹುದು. ಕೆಲಸ ಮಾಡುವಾಗ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲು ಬಹಳ ಒಳ್ಳೆಯದು. ಇವನ್ನೆಲ್ಲ ಮಾಡಿದರೆ ಶಬ್ದಗಳು ಬರುತ್ತವೆ. ಈ ಕೆಲಸ ನನಗೆ ಇಷ್ಟವಾಗುತ್ತದೋ ಇಲ್ಲವೋ ಎಂದೂ ತಿಳಿಯುತ್ತದೆ. ಇದರಿಂದ ಕೆಲಸ ಸಿಗುತ್ತದೆ ಎಂದು ಮಾತ್ರ ನಂಬಬೇಡಿ. ರೆಸ್ಯೂಮೆಯಲ್ಲಿ ಹತ್ತು ಆನ್‌ಲೈನ್ ಸರ್ಟಿಫಿಕೇಟ್ ಸುಮ್ನೆ ಸಾಲಾಗಿ ಬರೆದಿರುವವರಿಗಿಂತ, ಒಂದು ಡೇಟಾಸೆಟ್ ಶುಚಿ ಮಾಡಿ ಜೆನೊಡೊ ಎಂಬ ಉಚಿತ ರೆಪಾಸಿಟರಿಯಲ್ಲಿ ಹಾಕಿ ಅದರ ಡಿಒಐ ಕೊಟ್ಟಿರುವವರನ್ನು ನಾನು ಮೊದಲು ಕರೆಯುತ್ತೇನೆ.

ಕೈಯಿಂದ ಮಾಡಿ ಕಲಿಯಲು, ಸಂಶೋಧಕರಿಗೆ ಕೋಡ್ ಮತ್ತು ಡೇಟಾ ಕೆಲಸ ಕಲಿಸುವ ಕಾರ್ಪೆಂಟ್ರೀಸ್ ಸಂಸ್ಥೆಯ ವರ್ಕ್‌ಶಾಪ್‌ಗಳಿವೆ. ಸಾಫ್ಟ್‌ವೇರ್ ಕಾರ್ಪೆಂಟ್ರಿ 1998ರಲ್ಲೇ ಶುರುವಾಗಿತ್ತು. ಡೇಟಾ ಕಾರ್ಪೆಂಟ್ರಿ 2014ರಲ್ಲಿ ಬಂತು. 2018ರಲ್ಲಿ ಎರಡೂ ಒಂದಾದವು, ಆಮೇಲೆ ಲೈಬ್ರರಿ ಕಾರ್ಪೆಂಟ್ರಿಯೂ ಸೇರಿತು. ಸಾಮಾನ್ಯವಾಗಿ ಎರಡು ದಿನ. ಪಾಠ ಮಾಡುವವರು ಪರದೆಯ ಮೇಲೆ ಟೈಪ್ ಮಾಡುತ್ತಾರೆ, ನೀವೂ ಜೊತೆಗೇ ಟೈಪ್ ಮಾಡುತ್ತೀರಿ. ಕಲಿಸುವುದು ಸ್ಪ್ರೆಡ್‌ಶೀಟ್ ಶಿಸ್ತು, ಡೇಟಾ ಶುಚಿ ಮಾಡುವ ಓಪನ್‌ರಿಫೈನ್, ಫೈಲ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್, ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್. ಎರಡು ದಿನದಲ್ಲಿ ಯಾರೂ ಪಂಡಿತರಾಗುವುದಿಲ್ಲ, ಹೆದರಿಕೆ ಹೋಗುತ್ತದೆ. ಲೈಬ್ರರಿಯಿಂದ ಬರುವವರಿಗೆ ಇದು ನನ್ನ ಮೊದಲ ಸಲಹೆ. ಇನ್ನೊಂದು ಗುಟ್ಟು: ಅವರು ಬೋಧಕರಾಗುವವರಿಗೆ ಕೊಡುವ ತರಬೇತಿಯು ಈ ಪಾಠಗಳಿಗಿಂತಲೂ ಬೆಲೆಬಾಳುತ್ತದೆ. ಸ್ಟೀವರ್ಡ್ ದಿನವಿಡೀ ಮಾಡುವುದು ದೊಡ್ಡವರಿಗೆ, ಅವಸರದಲ್ಲಿ ಇರುವವರಿಗೆ, ತಮಗೆ ಎಲ್ಲ ಗೊತ್ತು ಎಂದುಕೊಂಡವರಿಗೆ ಕಲಿಸುವ ಕೆಲಸ. ಅದನ್ನು ಹೇಗೆ ಮಾಡಬೇಕೆಂದು ಬೇರೆ ಕಡೆ ಯಾರೂ ಹೇಳಿಕೊಡುವುದಿಲ್ಲ.

ಸ್ವಲ್ಪ ಉದ್ದದ್ದು ಬೇಕೆಂದರೆ ಕೊಡಾಟಾ ಮತ್ತು ರಿಸರ್ಚ್ ಡೇಟಾ ಅಲಯನ್ಸ್ ಎಂಬ ಎರಡು ಅಂತರರಾಷ್ಟ್ರೀಯ ಡೇಟಾ ಸಂಸ್ಥೆಗಳು ಸೇರಿ ನಡೆಸುವ ಶಾಲೆಗಳಿವೆ. 2016ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಶುರುವಾದ ಈ ಶಾಲೆಗಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಯುವ ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದವು. ಡಚ್ಚರ 'ಎಸೆನ್ಷಿಯಲ್ಸ್ ಫಾರ್ ಡೇಟಾ ಸಪೋರ್ಟ್' ಕೋರ್ಸ್ ನೇರವಾಗಿ ಸಂಶೋಧಕರಿಗೆ ನೆರವಾಗುವವರಿಗೇ ಮಾಡಿದ್ದು. ಮೊದಲನೆಯದು ಸಂಶೋಧಕರಾಗಿದ್ದು ಈ ಕಡೆ ವಾಲುತ್ತಿರುವವರಿಗೆ ಹೊಂದುತ್ತದೆ, ಎರಡನೆಯದು ಕೆಲಸಕ್ಕೆ ಸೇರಿ ಸ್ವಲ್ಪ ತಿಂಗಳಾದವರಿಗೆ. ಕೆಲಸಕ್ಕೆ ಸೇರುವ ಮೊದಲೇ ಎರಡನೆಯದನ್ನು ಮಾಡಿದರೆ ಅರ್ಧ ತಲೆ ಮೇಲೆ ಹೋಗುತ್ತದೆ. ಕೇಳಲು ನಿಮ್ಮ ಹತ್ತಿರ ಪ್ರಶ್ನೆಗಳೇ ಇರುವುದಿಲ್ಲ.

ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಕೋರ್ಸ್‌ಗಳು ಈಚಿನವು. ವಿಯೆನ್ನಾ ವಿಶ್ವವಿದ್ಯಾಲಯ ಡೇಟಾ ಸ್ಟೀವರ್ಡ್ ಹೆಸರಿನಲ್ಲೇ ಎರಡು ಸೆಮಿಸ್ಟರ್‌ಗಳ ಕೋರ್ಸ್ ನಡೆಸುತ್ತದೆ, ಕೆಲಸ ಮಾಡುತ್ತಲೇ ಓದುವ ಹಾಗೆ. ಇಂಥದ್ದರಲ್ಲಿ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಾಗುತ್ತದೆಯೇ ಎಂದು ಮೊದಲು ನೋಡಿ. ನಿಮ್ಮ ಸ್ವಂತ ಸಂಸ್ಥೆಯ ಸಮಸ್ಯೆಯನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಲು ಬಿಟ್ಟರೆ ದುಡ್ಡು ವಸೂಲಾದ ಹಾಗೆ. ಬರೀ ಉಪನ್ಯಾಸ ಮತ್ತು ಬಹು ಆಯ್ಕೆಯ ಪರೀಕ್ಷೆ ಇದ್ದರೆ ಉಚಿತ ಕೋರ್ಸೇ ಸಾಕು.

ಇನ್ನು ಮಾಸ್ಟರ್ಸ್. ಲೈಬ್ರರಿ ಮತ್ತು ಮಾಹಿತಿ ವಿಜ್ಞಾನದಲ್ಲಿ ಡೇಟಾ ಕ್ಯುರೇಷನ್ (ಡೇಟಾವನ್ನು ಶುಚಿ ಮಾಡಿ, ವಿವರಿಸಿ, ಕಾಪಾಡುವ ಕೆಲಸ) ಕಡೆಗೆ ಒತ್ತು ಇರುವ ಪದವಿಗಳಿವೆ. ಇಪ್ಪತ್ತರ ಆಸುಪಾಸಿನಲ್ಲಿ ಇದ್ದು, ಬೇರೆ ಯಾವ ಸ್ನಾತಕೋತ್ತರ ಪದವಿಯೂ ಇಲ್ಲದಿದ್ದರೆ ಮಾಡಿ. ಲೈಬ್ರರಿಯ ಮೇಲಿನ ಹುದ್ದೆಗಳಿಗೆ ಪದವಿ ಕೇಳುವ ಕಡೆ ಅದು ಬೇಕೇ ಬೇಕು. ಆದರೆ ಈಗಾಗಲೇ ಪಿಎಚ್‌ಡಿ ಇರುವವರು ಮತ್ತೆ ಎರಡು ವರ್ಷ ಕೂತು ಇನ್ನೊಂದು ಪದವಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಿಮಗೆ ಕೊರತೆ ಇರುವುದು ಮೆಟಾಡೇಟಾ ಮಾದರಿಗಳು, ಲೈಸೆನ್ಸ್, ಖಾಸಗಿ ಮಾಹಿತಿಯ ಕಾನೂನು, ಇಷ್ಟರಲ್ಲಿ. ಅದಕ್ಕೆ ಸಣ್ಣ ಕೋರ್ಸ್ ಜೊತೆ ಒಳ್ಳೆಯ ಹಿರಿಯರೊಬ್ಬರು ಸಿಕ್ಕರೆ ಸಾಕು.

ಹಿರಿಯರ ಪಕ್ಕ ಕೂತು ಕಲಿಯುವುದು ಎಲ್ಲ ಹೋಲಿಕೆಗಳಲ್ಲೂ ಬಿಟ್ಟುಹೋಗುವ ದಾರಿ, ಏಕೆಂದರೆ ಅದಕ್ಕೆ ವೆಬ್‌ಸೈಟ್ ಇಲ್ಲ. ಡೇಟಾ ಪ್ಲ್ಯಾನ್ (ಅರ್ಜಿಯ ಜೊತೆ ಕೊಡುವ ಡೇಟಾ ನಿರ್ವಹಣೆಯ ಯೋಜನೆ) ಒಂದನ್ನು ಇಬ್ಬರೂ ಸೇರಿ ಓದುವುದನ್ನೇ ನೋಡಿ. "ಡೇಟಾವನ್ನು ಸುರಕ್ಷಿತವಾಗಿ ಇಡಲಾಗುವುದು" ಎಂದು ಬರೆದಿರುತ್ತದೆ. ಹೊಸಬರು ಸರಿ ಎಂದು ಮುಂದೆ ಹೋಗುತ್ತಾರೆ. ಹಳಬರು ಅಲ್ಲೇ ನಿಲ್ಲುತ್ತಾರೆ: ಎಲ್ಲಿ? ಎಷ್ಟು ಪ್ರತಿ? ಪಾಸ್‌ವರ್ಡ್ ಯಾರ ಹತ್ತಿರ? ಆ ವ್ಯಕ್ತಿ ಕೆಲಸ ಬಿಟ್ಟರೆ? ಇಂಥ ಇಪ್ಪತ್ತು ಪ್ಲ್ಯಾನ್ ಜೊತೆಗೆ ಓದಿದರೆ ಬರುವ ಕಣ್ಣು ಯಾವ ಕೋರ್ಸ್‌ನಿಂದಲೂ ಬರುವುದಿಲ್ಲ. ನಿಮ್ಮ ಸಂಸ್ಥೆಯಲ್ಲಿ ಹಳಬರೇ ಇಲ್ಲದಿದ್ದರೆ ಬೇರೆ ಸಂಸ್ಥೆಯವರನ್ನು ಗೊತ್ತುಮಾಡಿಕೊಳ್ಳಿ. ಈ ವಲಯದವರು ಕೇಳಿದರೆ ಇಲ್ಲ ಅನ್ನುವುದು ಕಡಿಮೆ.

ಹುದ್ದೆ ಮಾಡುವವರಿಗೆ

ಸಂಸ್ಥೆಗಳು ಎಡವುವುದು ಒಂದೇ ಕಡೆ: ಹುದ್ದೆ ಇಲ್ಲದೆ ತರಬೇತಿ ಶುರು ಮಾಡುತ್ತವೆ. ಇಪ್ಪತ್ತು ಜನರಿಗೆ ಒಂದು ವಾರದ ಕೋರ್ಸ್, ಫೋಟೊ, ಸರ್ಟಿಫಿಕೇಟ್. ಮುಂದಿನ ಸೋಮವಾರ ಎಲ್ಲರೂ ಹಳೆಯ ಕೆಲಸಕ್ಕೆ. ಕಲಿತದ್ದನ್ನು ಮಾಡಲು ಸಮಯ ಕೊಟ್ಟಿಲ್ಲ, ಅಧಿಕಾರ ಕೊಟ್ಟಿಲ್ಲ. ಅದರ ಬದಲು ಒಂದೇ ಒಂದು ಪೂರ್ಣಾವಧಿ ಹುದ್ದೆ ಮಾಡಿ, ಆ ವ್ಯಕ್ತಿಯ ಮೊದಲ ವರ್ಷದ ಐದನೇ ಒಂದು ಭಾಗ ಕಲಿಕೆಗೆ ಮೀಸಲಿಡಿ. ಎರಡನೇ ವರ್ಷ ಅವರೇ ಉಳಿದವರಿಗೆ ಕಲಿಸುತ್ತಾರೆ.

ಯಾರನ್ನು ತೆಗೆದುಕೊಳ್ಳಬೇಕು? ಸಂಶೋಧಕರು ಬಂದರೆ ಲ್ಯಾಬ್‌ನಲ್ಲಿ ಬೇಗ ಬೆರೆಯುತ್ತಾರೆ, ಆದರೆ ತಮ್ಮ ವಿಷಯದ ಆಚೆಗೆ ನೋಡಲು ಸಮಯ ಬೇಕು. ಲೈಬ್ರರಿಯವರಿಗೆ ವಿವರಣೆ, ಸಂರಕ್ಷಣೆ, ಹಕ್ಕು ಚೆನ್ನಾಗಿ ಗೊತ್ತು, ಕೋಡ್ ಎಂದರೆ ಹಿಂಜರಿಕೆ. ಐಟಿಯವರಿಗೆ ಉಲ್ಟಾ. ವಿಭಾಗದೊಳಗಿನ ಹುದ್ದೆಗೆ ಸಂಶೋಧಕರು, ಕೇಂದ್ರ ತಂಡಕ್ಕೆ ಲೈಬ್ರರಿಯವರು ಎಂಬುದು ನನ್ನ ಒಲವು. ಮೂವರಲ್ಲಿ ಯಾರೇ ಆಗಲಿ, ಸಂದರ್ಶನದಲ್ಲಿ ಒಂದು ಕೆಟ್ಟ ಸ್ಪ್ರೆಡ್‌ಶೀಟ್ ಕೊಟ್ಟು ನೋಡಿ. ಅವರು ಅದನ್ನು ಎಷ್ಟು ಸರಿ ಮಾಡುತ್ತಾರೆ ಎಂಬುದಕ್ಕಿಂತ, ಸರಿ ಮಾಡುವ ಮೊದಲು ಏನೇನು ಕೇಳುತ್ತಾರೆ ಎಂಬುದನ್ನು ಗಮನಿಸಿ.

ಬಡ್ತಿ ಎಲ್ಲಿದೆ?

ಕೆಲಸಕ್ಕೆ ಸೇರಿಸಿಕೊಳ್ಳುವುದು ಸುಲಭ. ಐದು ವರ್ಷದ ಮೇಲೆ ಅವರು ಏನಾಗಿರುತ್ತಾರೆ ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಈ ಹುದ್ದೆಯನ್ನು ಮೂರು ಶ್ರೇಣಿಗಳಲ್ಲಿ ಒಂದಕ್ಕೆ ಸೇರಿಸುವುದು ರೂಢಿ. ಆಡಳಿತ ಸಿಬ್ಬಂದಿ ಆದರೆ ಭದ್ರತೆ ಇರುತ್ತದೆ, ಆದರೆ ಪ್ರೊಫೆಸರ್ ಎದುರು "ಇದು ಸರಿಯಿಲ್ಲ" ಎನ್ನುವ ಧ್ವನಿ ಇರುವುದಿಲ್ಲ. ಸಂಶೋಧನಾ ಸಿಬ್ಬಂದಿ ಆದರೆ ಧ್ವನಿ ಇರುತ್ತದೆ, ಬಡ್ತಿಗೆ ಪೇಪರ್ ಲೆಕ್ಕ ಕೇಳುತ್ತಾರೆ. ನೂರು ಜನರ ಡೇಟಾ ಸರಿ ಮಾಡಿಕೊಟ್ಟವರ ಹೆಸರು ಒಂದು ಪೇಪರ್‌ನಲ್ಲೂ ಇರದೇ ಇರಬಹುದು. ತಾಂತ್ರಿಕ ಸಿಬ್ಬಂದಿಯ ಶ್ರೇಣಿ ನಡುವಿನದು. ಅದಕ್ಕೆ ಮೇಲಿನ ಮೆಟ್ಟಿಲು ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಅನೇಕ ಕಡೆ ಆ ಮೆಟ್ಟಿಲೇ ಇಲ್ಲ.

ಇದಕ್ಕೆ ಹತ್ತಿರದ ಉದಾಹರಣೆ ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್‌ಗಳದ್ದು. 2012ರಲ್ಲಿ ಬ್ರಿಟನ್‌ನ ಒಂದು ವರ್ಕ್‌ಶಾಪ್‌ನಲ್ಲಿ ಆ ಹೆಸರು ಹುಟ್ಟಿತು. ಅಲ್ಲಿಯವರೆಗೆ ಲ್ಯಾಬ್‌ಗೆ ಕೋಡ್ ಬರೆಯುವವರು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧಕರು) ಹೆಸರಿನಲ್ಲೇ ಇದ್ದರು, ಪೇಪರ್ ಇಲ್ಲ ಎಂದು ಹಿಂದೆ ಬೀಳುತ್ತಿದ್ದರು. ಹೆಸರು ಬಂದ ಮೇಲೆ ಸಂಘ ಬಂತು, ವಿಶ್ವವಿದ್ಯಾಲಯಗಳಲ್ಲಿ ತಂಡಗಳು ಬಂದವು, ಹುದ್ದೆಗೆ ದರ್ಜೆಗಳು ಬಂದವು. ಡೇಟಾ ಸ್ಟೀವರ್ಡ್‌ಗಳಿಗೆ ಹೆಸರು ಸಿಕ್ಕಿದೆ. ಮೇಲಿನ ದರ್ಜೆಗಳು ಇನ್ನೂ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಮಾತ್ರ.

ಅಷ್ಟರೊಳಗೆ ಕೆಲಸದ ಗುರುತು ಉಳಿಸಿಕೊಳ್ಳುವ ದಾರಿಗಳಿವೆ. ಪೇಪರ್‌ನಲ್ಲಿ ಯಾರು ಏನು ಮಾಡಿದರು ಎಂದು ತಿಳಿಸುವ 'ಕ್ರೆಡಿಟ್' ಪಟ್ಟಿಯ 14 ಪಾತ್ರಗಳಲ್ಲಿ ಡೇಟಾ ಕ್ಯುರೇಷನ್ ಒಂದು. ಡೇಟಾಸೆಟ್‌ಗಳಿಗೆ ಡಿಒಐ ಕೊಡುವ ಡೇಟಾಸೈಟ್ ಸಂಸ್ಥೆಯ ಮೆಟಾಡೇಟಾದಲ್ಲಿ ಡೇಟಾ ಕ್ಯುರೇಟರ್, ಡೇಟಾ ಮ್ಯಾನೇಜರ್ ಎಂದು ಹೆಸರು ಹಾಕಲು ಜಾಗವೇ ಇದೆ. ರೆಪಾಸಿಟರಿಗೆ ಹಾಕುವಾಗ ಅಲ್ಲಿ ನಿಮ್ಮ ಆರ್ಕಿಡ್ ಸಂಖ್ಯೆ (ಸಂಶೋಧನೆಯಲ್ಲಿ ಇರುವವರ ಗುರುತಿನ ಸಂಖ್ಯೆ) ಸೇರಿಸಿ ಎಂದು ಸಂಕೋಚವಿಲ್ಲದೆ ಕೇಳಿ. ಮೂರು ವರ್ಷದ ಮೇಲೆ ಬಡ್ತಿಯ ಅರ್ಜಿ ಬರೆಯುವಾಗ ಅದೇ ನಿಮ್ಮ ಪಟ್ಟಿ ಆಗುತ್ತದೆ.

ಹಣದ ವಿಷಯ. ಫೇರ್ ತತ್ವಗಳ ಹಿಂದೆ ಇದ್ದವರಲ್ಲಿ ಒಬ್ಬರಾದ ಬಾರೆಂಡ್ ಮಾನ್ಸ್, ಸಂಶೋಧನೆಯ ಹಣದ ಶೇ 5ರಷ್ಟನ್ನು ಡೇಟಾ ಮರುಬಳಕೆಗೆ ಸಿಗುವ ಹಾಗೆ ಮಾಡಲು ಇಡಬೇಕೆಂದು 2020ರಲ್ಲಿ ಬರೆದರು. ಅದು ಎಲ್ಲ ಕಡೆ ಆಗುವವರೆಗೆ ಕಾಯಬೇಕಿಲ್ಲ. ಎನ್‌ಐಎಚ್‌ನಂಥವರು ಬಜೆಟ್‌ನಲ್ಲಿ ತೋರಿಸಲು ಬಿಡುವ ಖರ್ಚನ್ನು ಹತ್ತು ಪ್ರಾಜೆಕ್ಟ್‌ಗಳಿಂದ ಸ್ವಲ್ಪ ಸ್ವಲ್ಪ ಒಟ್ಟು ಮಾಡಿ, ಸಂಸ್ಥೆಯೇ ಒಂದು ತಂಡ ಇಟ್ಟುಕೊಳ್ಳಬಹುದು. ಒಂದು ಗ್ರ್ಯಾಂಟ್ ಮುಗಿದರೂ ತಂಡ ಮುಳುಗುವುದಿಲ್ಲ.

ಕೈಯಲ್ಲಿ ಎರಡು ಆಫರ್ ಇಟ್ಟುಕೊಂಡು ಯೋಚಿಸುತ್ತಿರುವವರಿಗೆ ಇಷ್ಟು ಹೇಳುತ್ತೇನೆ. ಒಂದು ಎರಡು ವರ್ಷದ ಪ್ರಾಜೆಕ್ಟ್ ಕೆಲಸ, ಸಂಬಳ ಜಾಸ್ತಿ. ಇನ್ನೊಂದು ಲೈಬ್ರರಿಯ ಕಾಯಂ ಹುದ್ದೆ, ಸಂಬಳ ಕಡಿಮೆ. ಇದು ಮೊದಲ ಕೆಲಸವಾಗಿದ್ದು ಆ ಪ್ರಾಜೆಕ್ಟ್‌ನಲ್ಲಿ ಅನುಭವಿ ಸ್ಟೀವರ್ಡ್ ಇದ್ದರೆ ಅಲ್ಲಿಗೆ ಹೋಗಿ. ನೀವೊಬ್ಬರೇ ಆಗಿದ್ದರೆ ಬೇಡ, ಲೈಬ್ರರಿ ಸೇರಿ. ಅಲ್ಲಿ ಸಹಿ ಹಾಕುವ ಮೊದಲು, ವಾರದಲ್ಲಿ ಎರಡು ದಿನ ಯಾವುದಾದರೂ ವಿಭಾಗದಲ್ಲಿ ಕೂತು ಕೆಲಸ ಮಾಡಲು ಬಿಡುತ್ತೀರಾ ಎಂದು ಕೇಳಿ, ಒಪ್ಪಿದರೆ ಬರಹದಲ್ಲಿ ತೆಗೆದುಕೊಳ್ಳಿ.